ನೆತ್ತಿಯಿಂದ ಇಳಿಯುವ ಗೆರೆ

ಅನಸೂಯ ಮಾತಾಡುವುದು ಕನ್ನಡ, ಬರೆಯುವುದು ಕಂಪ್ಯೂಟರಿನ ಇಂಗ್ಲಿಷ್, ಎಣಿಸುವುದು ಮಾತ್ರ ತೆಲುಗು. ಮಹಡಿಯ ರೂಮಿನಿಂದ ಬೆಳ್ಳಂಬೆಳಗ್ಗೆ "ಒಕಟಿ, ರೆಂಡು, ಮೂಡು, ನಾಲುಗು" ಎಂದು ಕೇಳಿಸಿದರೆ ಆಕೆ ಸ್ಕ್ರೀನಿಗೆ ಮೂಗು ತಾಗಿಸಿಕೊಂಡು ಚುಕ್ಕಿ ಎಣಿಸುತ್ತಿದ್ದಾಳೆ ಎಂದೇ ಅರ್ಥ. ಆ ಹೊತ್ತಿನಲ್ಲಿ ಯಾರು ಕರೆದರೂ ಓಗೊಡುತ್ತಿರಲಿಲ್ಲ. ಟ್ರಾಫಿಕ್ ಪೊಲೀಸಿನವನ ಹಾಗೆ ಎಡಗೈ ಎತ್ತಿ ಅಂಗೈ ತೋರಿಸುತ್ತಿದ್ದಳು. ಎಣಿಕೆ ಮುಗಿದ ಮೇಲೆಯೇ ಆ ಕೈ ಇಳಿಯುತ್ತಿದ್ದದ್ದು. ಆಮೇಲೆ ಏನೂ ಆಗದವಳಂತೆ, "ಹೇಳ್ರಿ ಅಮ್ಮಾರೆ, ಕಾಫಿನಾ?" ಅನ್ನುತ್ತಿದ್ದಳು.

ಚಳ್ಳಕೆರೆಯ ನಮ್ಮ ಮನೆ ಎಣ್ಣೆ ಮಿಲ್ಲುಗಳ ಬೀದಿಯ ಕೊನೆಯಲ್ಲಿದೆ. ಗಾಳಿ ತಿರುಗಿದರೆ ಶೇಂಗಾ ಹಿಂಡಿಯ ವಾಸನೆ ಪಡಸಾಲೆಗೇ ಬರುತ್ತದೆ. ಮನೆಯಲ್ಲಿ ನಾನು, ನನ್ನ ವಾರಗಿತ್ತಿ ಗೌರಮ್ಮ, ಅವಳ ಮಗ, ಸೊಸೆ. ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಸೆಂಟರಿನ ಟೀಚರಿಗೆ ರೂಮು ಬೇಕಂತೆ ಎಂದಾಗ ನಾನು ಯಾರೋ ಚೂಡಿದಾರ್ ತೊಟ್ಟ ಹುಡುಗಿ ಬರುತ್ತಾಳೆ ಅಂದುಕೊಂಡಿದ್ದೆ. ಬಂದವಳು ನಲವತ್ತರ ಆಸುಪಾಸಿನ ಹೆಂಗಸು. ನೂಲಿನ ಸೀರೆ, ಹವಾಯಿ ಚಪ್ಪಲಿ, ಎದೆಗೆ ಅವಚಿಕೊಂಡ ಕಂಬಳಿಯ ಗಂಟು. ಕೂಸಿರಬೇಕೆಂದು ಗೌರಮ್ಮ ಇಣುಕಿ ನೋಡಿದಳು. ಒಳಗಿದ್ದದ್ದು ಕಂಪ್ಯೂಟರಿನ ಮಾನಿಟರ್. ಮೊಳಕಾಲ್ಮೂರಿನಿಂದ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದಳಂತೆ. ಕಂಡಕ್ಟರನೂ ಕೂಸೆಂದೇ ತಿಳಿದು ವಯಸ್ಸೆಷ್ಟು ಎಂದು ಕೇಳಿದನಂತೆ.

ನಾನು ಕೊಟ್ಟ ಟೇಬಲ್ಲಿನ ಮೇಲೆ ಪಾತ್ರೆ ಇಟ್ಟಳು, ಕುರ್ಚಿಯ ಮೇಲೆ ಟವೆಲ್ ಒಣಹಾಕಿದಳು. ಕೆಲಸಕ್ಕೆ ನೆಲವೇ ಆಗಬೇಕು. ಮಾನಿಟರನ್ನು ಮಣೆಯ ಮೇಲಿಟ್ಟು, ಕಾಲು ಮುಂದಕ್ಕೆ ಚಾಚಿ, ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದಳು. ಇದೆಂಥ ಪಾಶ್ಚರ್ ಎಂದು ನಾನು ಒಳಗೊಳಗೇ ನಕ್ಕಿದ್ದೆ. ಬಹಳ ದಿನದ ಮೇಲೆ ಮೊಳಕಾಲ್ಮೂರಿನ ಅವರ ಮನೆಗೆ ಹೋದಾಗ ಅವರವ್ವ ನೆಲದ ಗುಂಡಿಯೊಳಗೆ ಕಾಲು ಚಾಚಿ ನೇಯುವ ಗುಂಡಿಮಗ್ಗದ ಮುಂದೆ ಕೂತ ಭಂಗಿ ನೋಡಿ ತಿಳಿಯಿತು, ಇವಳು ಕಂಪ್ಯೂಟರ್ ಮುಂದೆ ಕೂರುವುದಲ್ಲ, ಮಗ್ಗಕ್ಕೆ ಕೂರುವುದು ಎಂದು.

ಅವರದು ನೇಯ್ಗೆಯ ಮನೆ. ಅಪ್ಪ ರೇಷ್ಮೆ ಸೀರೆಯ ಅಂಚಿನ ನಕ್ಷೆ ಬರೆಯುತ್ತಿದ್ದವರು. ಗ್ರಾಫ್ ಕಾಗದದ ಒಂದೊಂದು ಚೌಕಕ್ಕೆ ಒಂದೊಂದು ಎಳೆ. ಆ ಲೆಕ್ಕದಲ್ಲಿ, ತೆಲುಗಿನಲ್ಲಿ ಎಣಿಸುತ್ತ, ಚುಕ್ಕಿ ತುಂಬಿ ಗೋಪುರ, ಹಂಸ, ಮಾವಿನಕಾಯಿ ಮಾಡುತ್ತಿದ್ದರಂತೆ. ಕಾಗದದ ಕಾಲ ಹೋಗಿ ಕಂಪ್ಯೂಟರ್ ಬಂದಾಗ ಊರಿನ ನಕ್ಷೆಯವರಿಗೆಲ್ಲ ಅದರಲ್ಲಿ ಚಿತ್ರ ಬರೆಯುವುದನ್ನು ಕಲಿಸಿದವಳು ಈ ಅನಸೂಯ. ಮದುವೆ ಯಾಕೆ ಆಗಲಿಲ್ಲ ಎಂದು, ಅವಳು ಬಂದ ವಾರದಲ್ಲೇ ಗೌರಮ್ಮ ಕೇಳಿಬಿಟ್ಟಳು. ಅನಸೂಯ ಮುಖ ಕೆಡಿಸಿಕೊಳ್ಳಲಿಲ್ಲ. "ಆ ಫೈಲು ಓಪನ್ನೇ ಆಗ್ಲಿಲ್ಲ ಕಣಮ್ಮ" ಅಂದಳು. ಗೌರಮ್ಮನಿಗೆ ಅರ್ಥವಾಗಲಿಲ್ಲ. ನನಗೆ ನಗು ತಡೆಯಲಾಗದೆ ಅಡುಗೆಮನೆಗೆ ಎದ್ದುಹೋದೆ.

ಸೆಂಟರಿನಿಂದ ಬಂದ ಮೇಲೆ ಆಕೆ ಮಾಡುತ್ತಿದ್ದದ್ದು ಇನ್ನೊಂದು ಕೆಲಸ. ಊರಿನವರು ನಕ್ಷೆ ಬರೆಯುವ ಆ ಚಿತ್ರದ ಪ್ರೋಗ್ರಾಮ್ ಯಾವ ಕಂಪನಿಯದೂ ಅಲ್ಲ. ಓಪನ್ ಸೋರ್ಸ್. ಎಂದರೆ ಅದರ ಒಳಗಿನ ಕೋಡು ಎಂಬ ಬರಹವನ್ನು ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಿ ಕಳಿಸಬಹುದು. ದೇಶ ದೇಶದ ಜನ ಬಿಡುವಿನಲ್ಲಿ ಕೂಡಿ ಮಾಡುವ ಕೆಲಸ, ಸಂಬಳವಿಲ್ಲ. ಇದು ಗೌರಮ್ಮನಿಗೆ ಹಿಡಿಸಲಿಲ್ಲ. ಪುಕ್ಕಟೆ ದುಡಿಯುವವಳಿಗೆ ನಮ್ಮ ಮನೆಯ ಫ್ಯಾನೂ ಪುಕ್ಕಟೆ ತಿರುಗಬೇಕೇನೋ ಎಂದು ಮೆಟ್ಟಿಲ ಬುಡದಲ್ಲಿ ನಿಂತು ಕೇಳುವಂತೆಯೇ ಅಂದಳು. ಮೇಲಿನಿಂದ ಉತ್ತರ ಬಂತು.

"ಊರ ಬಾವಿ ಹೂಳು ಎತ್ತೋಕೆ ಯಾರನ್ನ ಸಂಬಳ ಕೇಳ್ತೀರಮ್ಮ? ಎಲ್ಲ ನೀರು ಕುಡೀತಾರೆ, ಯಾರಾದ್ರೂ ಇಳೀಬೇಕಲ್ಲ."

"ಹೂಳು ಎತ್ತಿದೋರಿಗೆ ಊರೋರು ಊಟನಾದ್ರೂ ಹಾಕ್ತಾರೆ ಕಣವ್ವ. ನಿಂಗೆ ಯಾರು ಹಾಕ್ತಾರೆ?" ಎಂದಳು ಗೌರಮ್ಮ.

ಅವತ್ತಿನಿಂದ ಊಟ ಹಾಕಿದ್ದು ಗೌರಮ್ಮನೇ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೇಲೊಂದು ಬೈಗುಳ.

ಅನಸೂಯ ಇಳಿದ ಬಾವಿ ಸಾಮಾನ್ಯದ್ದಲ್ಲ. ಆ ಪ್ರೋಗ್ರಾಮಿನಲ್ಲಿ ಚಿತ್ರ ಬಿಡಿಸುವ ಭಾಗವನ್ನು ಎಷ್ಟೋ ಜನ, ಎಷ್ಟೋ ವರ್ಷಗಳಲ್ಲಿ, ಅವರವರಿಗೆ ತೋಚಿದಂತೆ ಬರೆದಿಟ್ಟಿದ್ದರು. ಪೆನ್ಸಿಲ್ಲಿಗೊಂದು ದಾರಿ, ಗೆರೆಗೊಂದು, ಚೌಕಕ್ಕೊಂದು, ರಬ್ಬರಿಗೆ ಮತ್ತೊಂದು. ಒಂದು ಚುಕ್ಕಿ ಇಡುವ ಕೆಲಸವನ್ನು ಪ್ರತಿಯೊಂದೂ ಬೇರೆ ಬೇರೆ ರೀತಿಯಲ್ಲಿ ಮಾಡುತ್ತಿತ್ತು. ಒಂದನ್ನು ರಿಪೇರಿ ಮಾಡಿದರೆ ಇನ್ನೊಂದು ಕೆಡುತ್ತಿತ್ತು. ಹೊಸ ಕಂಪ್ಯೂಟರುಗಳಲ್ಲಿ ಆ ಭಾಗ ಆಗಾಗ ನಿಂತುಹೋಗುತ್ತಿತ್ತು. ಕೊನೆಗೆ ಅದರ ಮುಖ್ಯಸ್ಥ, ಯಾವುದೋ ಚಳಿದೇಶದಲ್ಲಿ ಕೂತವನು, ಹೀಗೆ ಬರೆದ: ಗ್ರಾಫಿನ ಮೇಲೆ ಚಿತ್ರ ಬರೆಯುವ ಭಾಗವನ್ನು ಯಾರಾದರೂ ಹಸನು ಮಾಡದಿದ್ದರೆ ಮುಂದೆ ಅದನ್ನು ತೆಗೆದೇ ಹಾಕುತ್ತೇವೆ.

ತೆಗೆದುಹಾಕಿದರೆ ಹೊರಗಿನವರಿಗೆ ಏನೂ ಆಗುತ್ತಿರಲಿಲ್ಲ. ಮೊಳಕಾಲ್ಮೂರಿನ ಸಣ್ಣ ಸಣ್ಣ ನಕ್ಷೆಯ ಅಂಗಡಿಗಳಿಗೆ ಇದ್ದದ್ದು ಅದೊಂದೇ. ದುಡ್ಡು ಕೊಟ್ಟು ತರುವ ಸಾಫ್ಟ್‌ವೇರ್ ಅವರಿಗೆ ಕನಸಿನ ಮಾತು. ನೋಡೋಣ, ಯಾರಾದರೂ ಮಾಡಿಯಾರು ಎಂದು ನಾನು ಸಮಾಧಾನ ಹೇಳಲು ಹೋದೆ. ಅನಸೂಯಳಿಗೆ ಆ ಪದವೇ ಆಗುತ್ತಿರಲಿಲ್ಲ. "ನೋಡೋಣ ಅನ್ನೋರು ಯಾರೂ ನೋಡಲ್ಲ ಅಮ್ಮಾರೆ" ಅಂದು, ಮರುದಿನವೇ ಆ ಕೆಲಸ ತಾನು ಹಿಡಿಯುತ್ತೇನೆಂದು ಅವನಿಗೆ ಬರೆದಳು.

ಬರೆದಳು ಎಂದರೆ ನಾವಿಬ್ಬರೂ ಬರೆದೆವು. ನಾನು ಕಾನ್ವೆಂಟಿನಲ್ಲಿ ಓದಿದವಳು. ಒಂದು ಕಾಮಾ ಜಾಗ ತಪ್ಪಿದರೂ ಸಿಸ್ಟರ್‌ಗಳು ಬೆರಳ ಗೆಣ್ಣಿಗೆ ಸ್ಕೇಲ್ ಇಡುತ್ತಿದ್ದ ಕಾಲ ಅದು. ಮಿಲ್ಲಿನ ಮನೆಗೆ ಸೊಸೆಯಾಗಿ ಬಂದ ಮೇಲೆ ಆ ಇಂಗ್ಲಿಷ್ ಕಬ್ಬಿಣದ ಪೆಟ್ಟಿಗೆಯ ರೇಷ್ಮೆ ಸೀರೆಯ ಹಾಗೆ ಮಡಿಕೆ ಬಿಚ್ಚದೆ ಉಳಿದಿತ್ತು. ಅನಸೂಯ ಅದನ್ನು ಈಚೆಗೆ ತೆಗೆಸಿದಳು. ಅವಳ ಇಂಗ್ಲಿಷಿನಲ್ಲಿ ಆರ್ಟಿಕಲ್ಲೇ ಇರುತ್ತಿರಲಿಲ್ಲ. ನಾನು ಎ, ಆನ್, ದ ಸೇರಿಸುತ್ತಿದ್ದೆ. ಅವಳು ಬೇಡದ್ದನ್ನು ಕೀಳುತ್ತಿದ್ದಳು. ಸಾಯಂಕಾಲದ ಕಾಫಿ ನಮ್ಮಿಬ್ಬರಿಗೂ ಮಹಡಿಯಲ್ಲೇ ಆಗತೊಡಗಿತು.

ಈ ಕೆಲಸಕ್ಕೆ ರಿಫ್ಯಾಕ್ಟರಿಂಗ್ ಎಂದು ಹೆಸರು. ನನ್ನ ಹಳೆಯ ಡಿಕ್ಷನರಿಯಲ್ಲಿ ಆ ಪದ ಸಿಗಲಿಲ್ಲ. ಏನೇ ಇದು ಎಂದರೆ ಅವಳು ವಿವರಿಸಿದ್ದು ಹೀಗೆ: "ಮನೆಯೊಳಗೆ ಜನ ಉಣ್ತಾ ಕೂತಿರ್ತಾರೆ ಅಂದ್ಕೊಳ್ರಿ. ನಾವು ಗೋಡೆ, ತೊಲೆ ಎಲ್ಲ ಬದಲು ಮಾಡ್ಬೇಕು. ಅವರ ತಟ್ಟೇಗೆ ಧೂಳು ಬೀಳಬಾರ್ದು. ಎದ್ದು ಕೈ ತೊಳ್ಕೊಳ್ಳೋವಾಗ್ಲೂ ಅವ್ರಿಗೆ ಗೊತ್ತಾಗಬಾರ್ದು." ಹೊಗಳಿಕೆ ಬರಲಾರದ ಕೆಲಸಕ್ಕೆ ಇಷ್ಟೊಂದು ಹಟವೇ ಎಂದು ನನಗೆ ಸೋಜಿಗ.

ಒಂದು ವರ್ಷದ ಮೇಲಾಯಿತು. ಹಳೆಯ ದಾರಿಗಳನ್ನೆಲ್ಲ ಕಿತ್ತುಹಾಕಿ, ಚುಕ್ಕಿ ಇಡುವುದಕ್ಕೆ ಒಂದೇ ದಾರಿ ಮಾಡಿದಳು. ಎಲ್ಲ ಗೆರೆಗಳೂ ಅದರ ಮೂಲಕವೇ ಹೋಗಬೇಕು. ಹಳೆಯದರಲ್ಲಿ ಬರೆದ ಚಿತ್ರ, ಹೊಸದರಲ್ಲಿ ಬರೆದ ಚಿತ್ರ, ಎರಡನ್ನೂ ಒಂದರ ಮೇಲೊಂದು ಇಟ್ಟು ಚುಕ್ಕಿಗೆ ಚುಕ್ಕಿ ತಾಳೆ ನೋಡಿದಳು. ಎಲ್ಲ ಸರಿ. ಮುಖ್ಯಸ್ಥನೂ ಓದಿ, ಇಷ್ಟು ಚೊಕ್ಕವಾದ ಕೆಲಸವನ್ನು ಬಹಳ ದಿನದಿಂದ ನೋಡಿರಲಿಲ್ಲ ಎಂದು ಬರೆದ. ಮುಂದಿನ ಸೋಮವಾರ ಅದನ್ನು ಮರ್ಜ್ ಮಾಡುವುದು, ಎಂದರೆ ಎಲ್ಲರ ಪ್ರೋಗ್ರಾಮಿಗೆ ಸೇರಿಸುವುದು ಎಂದು ಗೊತ್ತಾಯಿತು. ಅವತ್ತು ಗೌರಮ್ಮ ಬೈಯದೆ ಹೋಳಿಗೆ ಕೊಟ್ಟಳು.

ಆ ವಾರ ನಾನು ಒಂದು ಟೇಬಲ್‌ಕ್ಲಾತಿಗೆ ಕ್ರಾಸ್ ಸ್ಟಿಚ್ ಹಾಕಲು ಹೊರಟಿದ್ದೆ. ಸಿಸ್ಟರ್‌ಗಳು ಕಲಿಸಿದ ವಿದ್ಯೆಗಳಲ್ಲಿ ಕೈ ಮರೆಯದೆ ಉಳಿದದ್ದು ಅದೊಂದು. ಬಟ್ಟೆಯ ಚೌಕ ಎಣಿಸಿ ಹಾಕುವ ಹೊಲಿಗೆ. ನಿಮ್ಮೂರಿನ ಗೋಪುರದ ಅಂಚು ಒಂದು ಬರೆದುಕೊಡೇ ಎಂದೆ. ಅವಳು ತನ್ನ ಹೊಸ ಕೋಡಿನಲ್ಲೇ ಖುಷಿಯಿಂದ ಬರೆದು, ಸೆಂಟರಿನಲ್ಲಿ ಪ್ರಿಂಟ್ ತೆಗೆದು ಕೊಟ್ಟಳು. ನಾನು ಹಾಕತೊಡಗಿದೆ. ಬಲಗಡೆಯ ಇಳಿಜಾರು ಸರಿ ಬಂತು. ಎಡಗಡೆಯದು ಬರಲಿಲ್ಲ. ಒಂದೊಂದು ಮೆಟ್ಟಿಲೂ ಒಂದು ಹೊಲಿಗೆಯಷ್ಟು ಆಚೆ ಸರಿದಿತ್ತು. ನನ್ನ ಕಣ್ಣಿನ ಮೇಲೆ ಅನುಮಾನ ಬಂದು ಬಿಚ್ಚಿದೆ, ಮತ್ತೆ ಹಾಕಿದೆ, ಮತ್ತೆ ಬಿಚ್ಚಿದೆ. ಕೊನೆಗೆ ಬಟ್ಟೆ ಹಿಡಿದು ಮೇಲೆ ಹೋಗಿ, ವಯಸ್ಸಾಯಿತು ಕಣೇ, ಎಣಿಸುವುದಕ್ಕೂ ಬರುತ್ತಿಲ್ಲ ಎಂದೆ.

ಅನಸೂಯ ಬಟ್ಟೆ ನೋಡಲಿಲ್ಲ. ಪ್ರಿಂಟು ಇಸಿದುಕೊಂಡು ಉಗುರಿನಿಂದ ಚೌಕ ಎಣಿಸಿದಳು. ಎಡಗೈ ಮೇಲೆದ್ದಿತ್ತು. ಎಣಿಕೆ ಮುಗಿದರೂ ಆ ಕೈ ಇಳಿಯಲಿಲ್ಲ.

"ನೀವು ಸರಿಯಾಗೇ ಎಣಿಸೀರಿ. ಗೋಪುರ ವಾಲೈತೆ" ಅಂದಳು.

ಆಮೇಲೆ ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಓರೆ ಗೆರೆ ಎಂದರೆ ಗ್ರಾಫಿನ ಮೇಲೆ ಮೆಟ್ಟಿಲು. ಗೆರೆ ಎರಡು ಚೌಕಗಳ ಸರಿಮಧ್ಯೆ ಹಾದಾಗ ಚುಕ್ಕಿ ಆ ಚೌಕಕ್ಕೋ ಈ ಚೌಕಕ್ಕೋ ಎಂದು ಪ್ರೋಗ್ರಾಮ್ ತೀರ್ಮಾನಿಸಬೇಕು. ಹಳೆಯ ಕೋಡು ಅದನ್ನು ಗೆರೆ ಶುರುವಾದ ತುದಿಯಿಂದ ಎಣಿಸಿ ತೀರ್ಮಾನಿಸುತ್ತಿತ್ತು. ಮೊಳಕಾಲ್ಮೂರಿನಲ್ಲಿ ಗೋಪುರವನ್ನು ಬರೆಯುವುದು ನೆತ್ತಿಯಿಂದ. ಮೊದಲು ನೆತ್ತಿಯ ಚುಕ್ಕಿ, ಅಲ್ಲಿಂದ ಬಲಕ್ಕೆ ಇಳಿಯಬೇಕು, ಮತ್ತೆ ನೆತ್ತಿಗೆ ಬಂದು ಎಡಕ್ಕೆ ಇಳಿಯಬೇಕು. ಬುಡದಿಂದ ಹತ್ತಿದರೆ ಅವರಪ್ಪ ಬೆರಳು ಹಿಡಿದು ನಿಲ್ಲಿಸುತ್ತಿದ್ದರಂತೆ. ಕಾಗದ ಹೋಗಿ ಮೌಸ್ ಬಂದರೂ ಕೈಗಳು ಆ ರೂಢಿ ಬಿಟ್ಟಿರಲಿಲ್ಲ. ಎರಡು ಇಳಿಜಾರೂ ಒಂದೇ ತುದಿಯಿಂದ ಹೊರಡುವುದರಿಂದ ಎಡ ಬಲ ಕನ್ನಡಿಯಂತೆ ಹೊಂದುತ್ತಿದ್ದವು.

ಎಲ್ಲ ಗೆರೆಗಳನ್ನೂ ಒಂದೇ ದಾರಿಗೆ ತರುವ ಉಮೇದಿನಲ್ಲಿ ಅನಸೂಯ ಒಂದು ನೀಟಾದ ಕೆಲಸ ಮಾಡಿದ್ದಳು. ಗೆರೆಯನ್ನು ಯಾರು ಎಲ್ಲಿಂದ ಎಳೆದರೂ ಒಳಗೆ ಅದನ್ನು ಎಡದಿಂದ ಬಲಕ್ಕೆ ತಿರುಗಿಸಿಕೊಂಡುಬಿಡುವುದು. ಹಾಗಾಗಿ ಎಡಗಡೆಯ ಇಳಿಜಾರು ಈಗ ಬುಡದಿಂದ ಹತ್ತುತ್ತಿತ್ತು. ಪರೀಕ್ಷೆಗೆಂದು ಅವಳೇ ಬರೆದ ಗೆರೆಗಳೆಲ್ಲ ಎಡದಿಂದ ಬಲಕ್ಕೇ ಇದ್ದವು. ಅದಕ್ಕೇ ಏನೂ ಗೊತ್ತಾಗಿರಲಿಲ್ಲ.

"ಬೇರೆ ಯಾರಾದ್ರೂ ಮಾಡಿದ್ರೆ ಬೈತಿದ್ದೆ. ನಾನೇ ಮಾಡೀನಲ್ಲ, ಯಾರಿಗೆ ಬೈಲಿ?" ಎಂದು ಗೋಡೆಯ ಕಡೆ ತಿರುಗಿದಳು. ಅಳುತ್ತಾಳೇನೋ ಎಂದು ನಾನು ಹತ್ತಿರ ಸರಿದೆ. ಅವಳು, "ಬರ್ಕೊಳ್ರಿ" ಅಂದಳು.

ನಾನು ನನ್ನ ಸುಂದರ ಕಾನ್ವೆಂಟ್ ಇಂಗ್ಲಿಷಿನಲ್ಲಿ ಶುರುಮಾಡಿದೆ. ನಿಮಗೆ ತೊಂದರೆ ಕೊಡುತ್ತಿರುವುದಕ್ಕೆ ವಿಷಾದಿಸುತ್ತೇನೆ, ದಯಮಾಡಿ ಕ್ಷಮಿಸಿ, ಒಂದು ಸಣ್ಣ ಲೋಪ ನನ್ನ ಗಮನಕ್ಕೆ ಬಂದಿದೆ ಎಂದೆಲ್ಲ. ಓದಿ ಹೇಳಿದಾಗ ಅವಳು ತಲೆಯಾಡಿಸಿದಳು.

"ಇಷ್ಟು ಬಗ್ಗಿದ್ರೆ ನೆಲ ಸಿಗ್ತೈತೆ ಅಮ್ಮಾರೆ. ಸಣ್ಣ ಲೋಪ ಅಂತ ಯಾಕ್ರಿ? ಸಣ್ಣದಲ್ಲ. ಕ್ಷಮೆನೂ ಬ್ಯಾಡ. ತಪ್ಪಾಗೈತೆ, ವಾಪಸ್ ತಗೊಳ್ತೀನಿ, ಮತ್ತೆ ಮಾಡ್ತೀನಿ. ಅಷ್ಟೇ ಬರೀರಿ."

ಅಷ್ಟೇ ಹೋಯಿತು. ಪ್ಲೀಸ್ ಡು ನಾಟ್ ಮರ್ಜ್. ಲೈನ್ ಈಸ್ ರಾಂಗ್. ಐ ವಿಲ್ ಡು ಅಗೇನ್. ಎರಡು ಆರ್ಟಿಕಲ್ ಸೇರಿಸಲೂ ಬಿಡಲಿಲ್ಲ.

ಮುಖ್ಯಸ್ಥ ಒಪ್ಪಲಿಲ್ಲ. ಅವನ ಮಾತಿನಲ್ಲೂ ಹುರುಳಿತ್ತು. ಯಾವ ತುದಿಯಿಂದ ಎಳೆದರೂ ಗೆರೆ ಒಂದೇ ಆಗಿರುವುದು ಒಳ್ಳೆಯದಲ್ಲವೇ, ಒಂದು ಚುಕ್ಕಿಯ ವ್ಯತ್ಯಾಸ ಯಾರಿಗೆ ಕಾಣುತ್ತದೆ, ಹೀಗೆ ನೆತ್ತಿಯಿಂದ ಬರೆಯುವವರು ಎಷ್ಟು ಜನ ಇದ್ದಾರು ಎಂದು ಕೇಳಿದ್ದ. ನನಗೂ, ಸುಮ್ಮನೆ ಒಪ್ಪಿಕೊಳ್ಳಬಾರದೇ, ವರ್ಷದ ದುಡಿಮೆ ಅನ್ನಿಸಿತು. ಬಾಯಿಬಿಟ್ಟು ಹೇಳಿಯೂ ಹೇಳಿದೆ. ಅನಸೂಯ ನನ್ನನ್ನು ನೋಡಿದ ನೋಟ ಸಿಸ್ಟರ್‌ಗಳ ಸ್ಕೇಲಿಗಿಂತ ಚುರುಕಾಗಿತ್ತು.

"ಒಂದು ಚುಕ್ಕಿ ಅಂದ್ರೆ ಒಂದು ಎಳೆ. ಸೀರೆ ಉದ್ದಕ್ಕೂ ಗೋಪುರ. ನೇಯ್ದು ಮುಗಿಸಿದ ಮ್ಯಾಲೆ ಬಿಚ್ಚೋಕಾಗ್ತೈತಾ, ನಿಮ್ಮ ಟೇಬಲ್‌ಕ್ಲಾತ್ ಬಿಚ್ಚಿದಂಗೆ?"

ಎಷ್ಟು ಜನ ಎಂದು ಕೇಳಿದ್ದಾನಲ್ಲ, ಏನು ಬರೆಯಲಿ ಎಂದೆ.

"ಮೊಳಕಾಲ್ಮೂರು ಅಂತ ಬರೀರಿ."

ಅದೊಂದೇ ಪದ. ಬರೆದೆ, ಕಳಿಸಿದಳು. ಆಮೇಲೆ ನಾನು ಕಾಡಿ ಬೇಡಿ, ನಕ್ಷೆ ಎಂದರೇನು, ಎಳೆ ಎಂದರೇನು ಎಂದು ಕೆಳಗೆ ನಾಲ್ಕು ಸಾಲು ಸೇರಿಸಿದೆ. ಎರಡು ದಿನ ಉತ್ತರವಿಲ್ಲ. ಬಂದಾಗ ಗಡುಸಾಗಿಯೇ ಬಂತು. ವಾಪಸ್ ತೆಗೆದುಕೊಳ್ಳಬಹುದು. ಆದರೆ ಪ್ರೋಗ್ರಾಮಿನ ಮುಂದಿನ ಬಿಡುಗಡೆಯ ಹೊತ್ತಿಗೆ ಸಿದ್ಧವಾಗದಿದ್ದರೆ ಇನ್ನು ಕಾಯಲಾಗುವುದಿಲ್ಲ, ಆ ಭಾಗ ಹೋಗುತ್ತದೆ.

ಬಿಡುಗಡೆಗೆ ಮಳೆಗಾಲ ಕಳೆಯುವಷ್ಟು ಸಮಯ ಮಾತ್ರ ಇತ್ತು. ಇಂಥ ಹೊತ್ತಿನಲ್ಲಿ ಅವಳು ರಜೆ ಹಾಕಿ ಊರಿಗೆ ಹೊರಟಾಗ ನಾನು ದಂಗಾದೆ. ಅವ್ವನ ಮಗ್ಗದ ಹಾಸು ಮುಗಿದಿದೆ, ಹೊಸ ಹಾಸು ಕೂಡಿಸಬೇಕು, ಅವ್ವನಿಗೆ ಎಳೆ ಕೂಡಿಸುವಷ್ಟು ಕಣ್ಣು ಕಾಣುವುದಿಲ್ಲ ಎಂದಳು. ನೋಡಬೇಕೆಂದು ನಾನೂ ಜೊತೆಗೆ ಬಸ್ ಹತ್ತಿದೆ. ಹಾಸು ಎಂದರೆ ಮಗ್ಗದ ಉದ್ದಕ್ಕೆ ಕಟ್ಟಿದ ಎಳೆಗಳು, ಹಳೆಯದನ್ನು ಪೂರ್ತಿ ಬಿಚ್ಚುವುದಿಲ್ಲ. ಹಳೆಯ ಎಳೆಯ ಕೊನೆಗೆ ಹೊಸ ಎಳೆಯ ತುದಿ ಇಟ್ಟು, ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆದು, ಒಂದೊಂದಾಗಿ ಕೂಡಿಸುತ್ತಾರೆ. ಹಳೆಯದು ಮುಂದೆ ಸರಿದಂತೆ ಹೊಸದು ಅದರ ಬೆನ್ನಿಗೆ ತಾನಾಗಿ ಒಳಗೆ ಬರುತ್ತದೆ. ಅವರವ್ವ ಮುಟ್ಟಿ ನೋಡಿಯೇ ಸರಿ ತಪ್ಪು ಹೇಳುತ್ತಿದ್ದರು. ಒಂದು ಎಳೆ ಅಡ್ಡಾದಿಡ್ಡಿ ಕೂಡಿದ್ದಕ್ಕೆ ಮಗಳ ಮೊಣಕೈಗೆ ಒಂದು ಕೊಟ್ಟು, "ಅವಸರ ಇದ್ರೆ ನಿನ್ ಕಂಪ್ಯೂಟರ್ತಾಕೆ ಹೋಗು" ಅಂದರು.

ಅಲ್ಲಿ ಕೂತಾಗ ಹೊಳೆಯಿತೋ, ಮೊದಲೇ ಮನಸ್ಸಿನಲ್ಲಿತ್ತೋ, ಅವಳು ಹೇಳಲಿಲ್ಲ. ಚಳ್ಳಕೆರೆಗೆ ಬಂದವಳು ತನ್ನ ವರ್ಷದ ಕೆಲಸವನ್ನು ಪಕ್ಕಕ್ಕಿಟ್ಟಳು. ಹಳೆಯ ಗೋಜಲನ್ನೇ ಮತ್ತೆ ತೆರೆದು, ಈ ಸಲ ಕಿತ್ತುಹಾಕದೆ, ಒಂದು ಸಲಕ್ಕೆ ಒಂದೇ ದಾರಿಯನ್ನು ಹೊಸದಕ್ಕೆ ಕೂಡಿಸತೊಡಗಿದಳು. ಮೊದಲು ಪೆನ್ಸಿಲ್. ಅದು ಚುಕ್ಕಿ ತಪ್ಪದೆ ಬಂದ ಮೇಲೆ ಗೆರೆ. ಪ್ರತಿ ಹೆಜ್ಜೆಗೂ ಗೋಪುರ ಬರೆದು ನೋಡುವುದು, ನೆತ್ತಿಯಿಂದ ಇಳಿದು, ಬುಡದಿಂದ ಹತ್ತಿ, ಎಡದಿಂದ, ಬಲದಿಂದ. ಗೆರೆ ಶುರುವಾದ ತುದಿಯನ್ನು ಹೊಸ ದಾರಿಯೂ ನೆನಪಿಟ್ಟುಕೊಳ್ಳುವಂತೆ ಮಾಡಿದಳು. ಕೋಡು ಮೊದಲಿನಷ್ಟು ಚೊಕ್ಕವಾಗಿಲ್ಲ ಎಂದು ಅವಳಿಗೇ ಬೇಸರವಿತ್ತು. ಮಧ್ಯೆ ಜ್ವರ ಬಂತು, ಕಂಬಳಿ ಹೊದ್ದು ಕೂತಳು. ಕರೆಂಟು ಹೋದಾಗ ಗೌರಮ್ಮನೇ ಮಗನನ್ನು ಓಡಿಸಿ, ಮಿಲ್ಲಿನಿಂದ ಬ್ಯಾಟರಿ ತರಿಸಿ ಕೊಟ್ಟಳು. "ಹೂಳು ಎತ್ತೋದು ಮುಗೀಲಿ, ಆಮೇಲೆ ಬಾಡಿಗೆ ಜಾಸ್ತಿ ಮಾಡ್ತೀನಿ" ಎಂದು ಸೇರಿಸಲು ಮರೆಯಲಿಲ್ಲ.

ಮುಗಿಯಿತು. ಬಿಡುಗಡೆಗೆ ಮುಂಚೆಯೇ ಮುಗಿಯಿತು. ಮುಖ್ಯಸ್ಥ ಈ ಸಲ ಹೊಗಳಲಿಲ್ಲ, ಮರ್ಜ್ಡ್ ಎಂದು ಒಂದೇ ಪದ ಬರೆದ. ಅನಸೂಯ ಅದನ್ನು ಓದಿ, ಮಾನಿಟರ್ ಆರಿಸಿ, ಅವತ್ತು ಸಾಯಂಕಾಲ ನನ್ನನ್ನೂ ಗೌರಮ್ಮನನ್ನೂ ಮಂಡಕ್ಕಿ ಮಿರ್ಚಿ ತಿನ್ನಲು ಕರೆದುಕೊಂಡು ಹೋದಳು. ಮಿರ್ಚಿ ಖಾರಕ್ಕೆ ಮೂವರಿಗೂ ಕಣ್ಣಲ್ಲಿ ನೀರು.

ಸ್ವಲ್ಪ ಕಾಲಕ್ಕೆ ಸೆಂಟರ್ ಮುಚ್ಚಿತು. ಅವಳು ಮಾನಿಟರನ್ನು ಮತ್ತೆ ಕಂಬಳಿಯಲ್ಲಿ ಸುತ್ತಿಕೊಂಡು ಮೊಳಕಾಲ್ಮೂರಿಗೆ ಹೊರಟುಹೋದಳು. ಮಹಡಿಯ ರೂಮಿಗೆ ಈಗ ಬ್ಯಾಂಕಿನ ಹುಡುಗನೊಬ್ಬ ಬಂದಿದ್ದಾನೆ. ಸದ್ದಿಲ್ಲದ ಪ್ರಾಣಿ. ಟೇಬಲ್ಲಿನ ಮೇಲೆ ಪುಸ್ತಕ ಇಡುತ್ತಾನೆ, ಕುರ್ಚಿಯ ಮೇಲೆ ಕೂರುತ್ತಾನೆ. ನನಗೆ ಸಾಯಂಕಾಲದ ಕಾಫಿ ಮತ್ತೆ ಕೆಳಗೇ ಆಗುತ್ತಿದೆ.

ಹೋದ ಮಾಘದಲ್ಲಿ ಗೌರಮ್ಮನ ಮಗಳ ಮಗಳ ಮದುವೆಗೆ ಸೀರೆ ತರಲೆಂದು ನಾನು ಮೊಳಕಾಲ್ಮೂರಿಗೆ ಹೋದೆ. ಬಿ.ಜಿ. ಕೆರೆ ದಾಟುವಷ್ಟರಲ್ಲಿ ಸೊಂಟ ನೋಯತೊಡಗಿತ್ತು, ಇದೇ ಕೊನೆಯ ಪ್ರಯಾಣವೇನೋ ಅನ್ನಿಸಿತು. ಅನಸೂಯ ಸ್ಟ್ಯಾಂಡಿಗೇ ಬಂದಿದ್ದಳು. ಸೀರೆ ಆದ ಮೇಲೆ, ಪರಿಚಯದವರ ನಕ್ಷೆಯ ಅಂಗಡಿಗೆ ಕರೆದುಕೊಂಡು ಹೋದಳು. ಅಲ್ಲಿ ದಪ್ಪ ಮೀಸೆಯವರೊಬ್ಬರು ಗೋಪುರದ ಅಂಚು ಬರೆಯುತ್ತಿದ್ದರು. ನೆತ್ತಿಯ ಮೇಲೆ ಒಂದು ಚುಕ್ಕಿ, ಬಲಕ್ಕೆ ಇಳಿದರು. ಮತ್ತೆ ನೆತ್ತಿ, ಎಡಕ್ಕೆ ಇಳಿದರು. ನಾನು ಮೆಟ್ಟಿಲು ಎಣಿಸಿದೆ. ಎಡ ಬಲ ಸರಿಸಮ. ಅವರು ಅದನ್ನು ತಿರುಗಿ ಸಹ ನೋಡಲಿಲ್ಲ, ಮುಂದಿನ ಗೋಪುರಕ್ಕೆ ಹೋದರು.

"ಏನಮ್ಮ ಅನಸೂಯ, ಈ ಪ್ರೋಗ್ರಾಮು ಓಪನ್ ಆಗೋಕೆ ಈಗೀಗ ಬಾಳ ಹೊತ್ತು ತಗೊಳ್ತೈತೆ. ಯಾರೋ ಏನೋ ಮಾಡಿ ಕೆಡಿಸವ್ರೆ" ಎಂದರು.

ಅವಳು, "ಹೌದಾ ಅಣ್ಣ?" ಅಂದಳು ಅಷ್ಟೆ. ನನಗೆ ಬಾಯಿ ತುರಿಸುತ್ತಿತ್ತು. ಅವಳು ನನ್ನ ಮುಂಗೈ ಹಿಡಿದು ಹೊರಗೆ ಕರೆತಂದಳು. ಹೇಳಬಾರದಿತ್ತೇನೇ, ನಿನ್ನಿಂದಲೇ ಅಲ್ಲವೇ ಅವರ ಅಂಗಡಿ ನಡೆಯುತ್ತಿರುವುದು ಎಂದು ದಾರಿಯುದ್ದಕ್ಕೂ ಗೊಣಗಿದೆ. ಅವಳ ಗಮನ ನನ್ನ ಮಾತಿನ ಮೇಲಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ, ಸೀರೆಯ ಚೀಲವನ್ನು ತೊಡೆಯ ಮೇಲಿಟ್ಟಳು.

"ಆ ಅಣ್ಣ ಹೇಳಿದ್ದು ಖರೆ ಅಮ್ಮಾರೆ, ನಿಧಾನ ಆಗೈತೆ. ಯಾಕಂತ ಒಂದು ಅನುಮಾನ ಐತೆ ನಂಗೆ. ಬಸ್ ಬರೋಗಂಟ ನಿಲ್ಲಲಾ, ಹೋಗಲಾ?"

ಹೋಗು ಎಂದೆ. ಹೋದಳು. ಹವಾಯಿ ಚಪ್ಪಲಿ ಪಟಪಟ ಅನ್ನಿಸುತ್ತ, ಕುರಿಮಂದೆಯೊಂದನ್ನು ಸೀಳಿಕೊಂಡು, ಒಮ್ಮೆಯೂ ತಿರುಗಿ ನೋಡದೆ. ಬಸ್ಸು ಬರಲು ಇನ್ನೂ ಬಹಳ ಹೊತ್ತಿತ್ತು.